ಫಾರ್ಮ್‌ವಿಲ್ ನಿಂತಿತು: ನಿಮ್ಮ ಹೊಲಕ್ಕೆ ಬಂದು ಹೋಗುತ್ತಿದ್ದವರು ಯಾರು?

ಮುಯ್ಯಾಳು · 1 ಜನವರಿ 2021

ಹೊಸ ವರ್ಷದ ಬೆಳಿಗ್ಗೆ ಇಂಥದ್ದು ಬರೆಯಬಾರದು. ಆದರೂ ಬರೆಯುತ್ತಿದ್ದೇನೆ, ಮನೆಯಲ್ಲಿ ಹೇಳಿದರೆ ಅರ್ಥವಾಗುವವರು ಯಾರೂ ಇಲ್ಲ.

ಫಾರ್ಮ್‌ವಿಲ್ ನಿನ್ನೆಗೆ ನಿಂತಿತು. 2009ರ ಜೂನ್‌ನಲ್ಲಿ ಫೇಸ್‌ಬುಕ್‌ಗೆ ಬಂದ, ಪರದೆ ಮೇಲೆ ಹೊಲ ಮಾಡುವ ಆಟ, ಹನ್ನೊಂದೂವರೆ ವರ್ಷ ನಡೆದು 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಆಟ ಮಾಡಿದ ಜಿಂಗಾ ಕಂಪನಿಯವರು ಸೆಪ್ಟೆಂಬರ್ ಕೊನೆಯಲ್ಲೇ ಹೇಳಿದ್ದರು. ನವೆಂಬರ್ 17ರ ನಂತರ ದುಡ್ಡು ಕೊಟ್ಟು ಕೊಳ್ಳುವುದೂ ನಿಂತಿತ್ತು. ಮೂರು ತಿಂಗಳಿಂದ ಗೊತ್ತಿದ್ದ ವಿಷಯ. ಗೊತ್ತಿದ್ದರೂ ಇವತ್ತು ಎದ್ದ ತಕ್ಷಣ ಕೈ ತಾನಾಗಿ ಆ ಪುಟಕ್ಕೇ ಹೋಯಿತು.

2009ರಲ್ಲಿ ನಾನು ಬೆಂಗಳೂರಿನ ಒಂದು ಪಿ.ಜಿ.ಯಲ್ಲಿದ್ದೆ, ರಾತ್ರಿ ಪಾಳಿಯ ಕೆಲಸ. ಊರು ಚನ್ನರಾಯಪಟ್ಟಣದ ಹತ್ತಿರ, ಅಪ್ಪ ರಾಗಿ, ಆಲೂಗಡ್ಡೆ ಬೆಳೆಯುತ್ತಿದ್ದರು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ‘ನನ್ನ ನೇಬರ್ ಆಗೇ, ಹೊಲ ದೊಡ್ಡದು ಮಾಡ್ಬೇಕು, ಜನ ಸಾಲ್ತಿಲ್ಲ’ ಅಂದಳು. ಆಟದಲ್ಲಿ ಪಕ್ಕದ ಹೊಲದವರಾಗಿ ಸೇರಿಸಿಕೊಂಡವರಿಗೆ ನೇಬರ್ ಅನ್ನುತ್ತಿದ್ದರು. ಹಾಗೆ ಸೇರಿದೆ. ಒಂದು ಪಾತಿ ಉಳಲು 15 ಕಾಯಿನ್. ಸ್ಟ್ರಾಬೆರಿಗೆ 4 ಗಂಟೆ, ಕುಂಬಳಕ್ಕೆ 8, ಭತ್ತಕ್ಕೆ 12, ಬದನೆಗೆ 2 ದಿನ, ಗೋಧಿಗೆ 3. ಇವತ್ತಿಗೂ ಬಾಯಿಪಾಠ. ಕೆಲಸಕ್ಕೆ ಹೊರಡುವಾಗ ಭತ್ತ, ಬಂದು ಮಲಗುವಾಗ ಕುಂಬಳ, ಊರಿಗೆ ಹೋಗುವ ಶುಕ್ರವಾರ ಗೋಧಿ. ಹೊತ್ತು ಮೀರಿದರೆ ಬೆಳೆ ಬಾಡುತ್ತಿತ್ತು, ಹಾಗಾಗಿ ನನ್ನ ದಿನಚರಿಯನ್ನು ಹೊಲಕ್ಕೆ ಹೊಂದಿಸಿಕೊಂಡಿದ್ದೆ. ಅಪ್ಪನೂ ಹಾಗೇ ಇದ್ದದ್ದಲ್ಲವೆ?

ನನಗೆ ಹೇಳಬೇಕಾಗಿರುವುದು ಬೆಳೆಯ ವಿಷಯ ಅಲ್ಲ. ನಮ್ಮ ಕಡೆ ಮುಯ್ಯಾಳು ಅಂತ ಇತ್ತು. ಇವತ್ತು ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಾಳಿದ್ದು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಇಬ್ಬರು. ಕೂಲಿ ಇಲ್ಲ, ಊಟ ಇದೆ. ಲೆಕ್ಕ ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಅದು ನಿಂತೇಹೋಗಿತ್ತು. ಮುಯ್ಯಿಗೆ ಬಂದವರು ಹಾಡಿಕೊಂಡು ಕಳೆ ಕೀಳುತ್ತಿದ್ದರು ಅಂತ ಅಮ್ಮ ಹೇಳಿದ್ದಷ್ಟೇ ನನಗೆ ಗೊತ್ತು.

ಅದನ್ನು ನಾನು ಕಣ್ಣಾರೆ ಕಂಡದ್ದು ಈ ಆಟದಲ್ಲಿ. ಹಗಲು ಮಲಗಿ ಸಂಜೆ ಎದ್ದು ನೋಡಿದರೆ ನನ್ನ ಪಾತಿಗಳು ಮಿನುಗುತ್ತಿರುತ್ತಿದ್ದವು. ಯಾರೋ ಬಂದು ಗೊಬ್ಬರ ಹಾಕಿ, ಕೋಳಿಗಳಿಗೆ ಕಾಳು ಹಾಕಿ ಹೋಗಿದ್ದಾರೆ ಅಂತ ಅರ್ಥ. ಪಿ.ಜಿ.ಯ ಪಕ್ಕದ ಕೋಣೆಯವರ ಹೆಸರು ಗೊತ್ತಿಲ್ಲದ ಊರಿನಲ್ಲಿ, ನಾನು ನಿದ್ದೆಯಲ್ಲಿದ್ದಾಗ ಯಾರೋ ನನ್ನ ಹೊಲಕ್ಕೆ ಬಂದಿದ್ದರು. ನಾನೂ ಅವರ ಹೊಲಕ್ಕೆ ಹೋಗುತ್ತಿದ್ದೆ. ನಿನ್ನೆ ನನ್ನಿಂದ ಹೋದದ್ದು ಅದು.

ನಿಮ್ಮ ಹೊಲಕ್ಕೆ ಯಾರು ಬರುತ್ತಿದ್ದರು? ಹೇಳಿ, ಕೇಳಬೇಕು ಅನ್ನಿಸುತ್ತಿದೆ.

ಹುಲ್ಲಿನ ಪೆಂಡಿ · 1 ಜನವರಿ 2021

ನೀವು ಇದನ್ನು ಶುರು ಮಾಡಿದ್ದು ಒಳ್ಳೆಯದಾಯ್ತು. ನಿನ್ನೆ ರಾತ್ರಿ ಉಡುಪಿಯಲ್ಲಿ ನಾನೂ ನನ್ನ ಹೆಂಡತಿಯೂ ಲ್ಯಾಪ್‌ಟಾಪ್ ಮುಂದೆ ಮಾತಿಲ್ಲದೆ ಕೂತಿದ್ದೆವು. ಹೊರಗೆ ಪಟಾಕಿ ಹೊಡೀತಾ ಇದ್ದರು.

ನನ್ನ ಹೆಸರಿನ ಕತೆ ಹಳಬರಿಗೆ ಗೊತ್ತಿರ್ತದೆ. ಆಟದಲ್ಲಿ ನಮ್ಮ ಗೊಂಬೆ ಒಂದೊಂದು ಪಾತಿಗೂ ನಡೆದುಕೊಂಡೇ ಹೋಗಬೇಕು. ನೂರಿನ್ನೂರು ಪಾತಿ ಇದ್ದರೆ ಉಳುವುದಕ್ಕೇ ಹೊತ್ತು ಹೋಗ್ತಿತ್ತು. ಗೊಂಬೆಯ ನಾಲ್ಕೂ ಬದಿಗೆ ಹುಲ್ಲಿನ ಪೆಂಡಿ ಇಟ್ಟು ಬಂದ್ ಮಾಡಿಬಿಟ್ಟರೆ ಅದು ನಿಂತಲ್ಲೇ ನಿಂತು ಇಡೀ ಹೊಲದ ಕೆಲಸ ಮುಗಿಸ್ತಿತ್ತು! ಈ ಉಪಾಯ ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲಿ ಬಂದದ್ದು. ನನಗೆ ಹೇಳಿಕೊಟ್ಟದ್ದು ಮಂಗಳೂರಿನ ಸೈಬರ್ ಕೆಫೆಯಲ್ಲಿ ಪಕ್ಕದ ಕ್ಯಾಬಿನ್‌ನಲ್ಲಿ ಕೂತಿದ್ದ ಒಬ್ಬರು ಅಜ್ಜ. ‘ಅದನ್ನು ಕಟ್ಟಿಹಾಕು ಮಾರಾಯ, ಇಲ್ಲದಿದ್ರೆ ನಿನ್ನ ಗಂಟೆಯ ದುಡ್ಡೆಲ್ಲ ಅದರ ಕಾಲಿಗೇ ಹೋಗ್ತದೆ’ ಅಂದಿದ್ದರು.

ಪೆಂಡಿ ಕೊಂಡರೆ ಎಕ್ಸ್‌ಪಿಯೂ (ಆಟದಲ್ಲಿ ಮಟ್ಟ ಏರಲಿಕ್ಕೆ ಬೇಕಾದ ಅಂಕ) ಸಿಗ್ತಿತ್ತು, ಹಾಗಾಗಿ ಎಲ್ಲರ ಹತ್ತಿರ ರಾಶಿ ರಾಶಿ ಇರ್ತಿತ್ತು. ಬಣ್ಣಬಣ್ಣದ ಪೆಂಡಿ ಜೋಡಿಸಿ ಜನ ಚಿತ್ರ ಮಾಡಲಿಕ್ಕೆ ಶುರು ಮಾಡಿದರು. ಮೇಲಿನಿಂದ ನೋಡಿದರೆ ರಂಗೋಲಿಯ ಹಾಗೆ. ನನ್ನ ನೇಬರ್‌ಗಳಲ್ಲಿ ಒಬ್ಬರು ಇಡೀ ಹೊಲದ ತುಂಬ ಗಂಡಭೇರುಂಡ ಬಿಡಿಸಿದ್ದರು. ಒಂದೇ ಒಂದು ಪಾತಿ ಬೆಳೆ ಇಲ್ಲ, ಬರೀ ಗಂಡಭೇರುಂಡ. 2010ರ ನವೆಂಬರ್ ಇರಬೇಕು, ರಾಜ್ಯೋತ್ಸವದ ಹೊತ್ತು. ಅವರ ಹೆಸರು ಮರೆತಿದ್ದೇನೆ, ಪ್ರೊಫೈಲ್ ಚಿತ್ರವೂ ಯಾವುದೋ ಹೂವಿನದ್ದು. ಯಾರಾದರೂ ಅದನ್ನು ನೋಡಿದ್ದೀರಾ? ಸ್ಕ್ರೀನ್‌ಶಾಟ್ ಇದ್ದರೆ ದಯವಿಟ್ಟು ಹಾಕಿ.

ಗುಲಾಬಿ ಹಸು · 2 ಜನವರಿ 2021

ನಾನು ನಿವೃತ್ತ ಶಿಕ್ಷಕಿ, ಶಿವಮೊಗ್ಗ. ಇಲ್ಲಿ ಓದುತ್ತೇನೆ, ಬರೆಯುವುದು ಇದೇ ಮೊದಲು.

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. 2009ರ ದೀಪಾವಳಿಗೆ ಬಂದಾಗ ನನಗೂ ಒಂದು ಖಾತೆ ಮಾಡಿ, ಹೊಲ ಹಾಕಿಕೊಟ್ಟು ಹೋದಳು. ‘ಅಮ್ಮಾ, ನೀನು ನನ್ನ ಪಕ್ಕದ ಹೊಲದವಳು’ ಅಂದಿದ್ದಳು. ಆಗ ಮೌಸ್ ಹಿಡಿಯಲೂ ನನಗೆ ಸರಿಯಾಗಿ ಬರುತ್ತಿರಲಿಲ್ಲ.

ಮಾರನೇ ವರ್ಷ ಅವಳ ಮದುವೆಯ ವಿಷಯಕ್ಕೆ ನಮಗಿಬ್ಬರಿಗೂ ಜಗಳವಾಯಿತು. ಹುಡುಗನನ್ನು ಅವಳೇ ನೋಡಿಕೊಂಡಿದ್ದಳು. ನಾನು ಫೋನಿನಲ್ಲಿ ಆಡಬಾರದ ಮಾತು ಆಡಿದೆ. ಅವಳು ಫೋನ್ ಇಟ್ಟಳು. ಎಂಟು ತಿಂಗಳು ನಾವು ಮಾತಾಡಲಿಲ್ಲ. ನಮ್ಮ ಯಜಮಾನರು ಇಬ್ಬರಿಗೂ ಹೇಳಿ ಹೇಳಿ ಸೋತರು.

ಒಂದು ರಾತ್ರಿ ನಿದ್ದೆ ಬರದೆ ಕಂಪ್ಯೂಟರ್ ತೆರೆದೆ. ಸೋಯಾ ಬಿತ್ತಿ ಬಿಟ್ಟಿದ್ದೆ, ಒಂದು ದಿನದ ಬೆಳೆ. ನೋಡಿದರೆ ಅಷ್ಟೂ ಪಾತಿ ಮಿನುಗುತ್ತಿತ್ತು. ಗೊಬ್ಬರ ಹಾಕಿದವರ ಹೆಸರು ಅವಳದೇ. ನಾನು ಎಷ್ಟು ಹೊತ್ತು ಅದನ್ನೇ ನೋಡುತ್ತ ಕೂತಿದ್ದೆನೋ. ಆಮೇಲೆ ಅವಳ ಹೊಲಕ್ಕೆ ಹೋದೆ. ಅವಳ ಕೋಳಿಗಳಿಗೆ ಆ ದಿನ ಯಾರೂ ಕಾಳು ಹಾಕಿರಲಿಲ್ಲ. ಹಾಕಿ ಬಂದೆ.

ಅಲ್ಲಿಂದ ದಿನವೂ ಅದೇ. ಇಲ್ಲಿ ಬೆಳಿಗ್ಗೆ ಹಾಲು ಕಾಯಿಸಿ ನಾನು ಅವಳ ಹೊಲಕ್ಕೆ ಹೋಗಿ ಬರುವುದು, ಅವಳ ಬೆಳಗಾದಾಗ ಅವಳು ನನ್ನ ಹೊಲಕ್ಕೆ ಬರುವುದು. ಒಂದಕ್ಷರ ಮಾತಿಲ್ಲ. ಒಂದು ವಾರ ಅವಳ ಬೆಳೆಯೆಲ್ಲ ಬಾಡಿ ಕಪ್ಪಾಗಿ ನಿಂತಿತ್ತು. ಹುಷಾರಿಲ್ಲವೇನೋ, ಕೆಲಸ ಹೋಯಿತೇನೋ ಅಂತ ನಾನು ಊಟ ಬಿಟ್ಟಿದ್ದೆ. ಫೋನ್ ಮಾಡಲು ಹಟ ಬಿಡಲಿಲ್ಲ. ಎಂಟನೇ ದಿನ ಸ್ಟ್ರಾಬೆರಿ ಹಾಕಿದ್ದಳು. ಅದನ್ನು ನೋಡಿ ದೇವರಿಗೆ ದೀಪ ಹಚ್ಚಿದೆ. ಒಂದು ಕಿತ್ತಳೆ ಗಿಡ ಕಳಿಸಿದೆ, ಅವಳೂ ಒಂದು ಗಿಡ ಕಳಿಸಿದಳು.

ಕೊನೆಗೆ ಫೋನ್ ಮಾಡಿದವಳು ಅವಳೇ. ಎಂಟು ತಿಂಗಳ ಮೇಲೆ ಮೊದಲ ಮಾತು, ‘ಅಮ್ಮಾ, ನಿನ್ನ ಕುಂಬಳ ಬಾಡ್ತಿದೆ, ನೋಡು.’

ಅಳಿಯ ಈಗ ನಮ್ಮ ಮನೆ ಮಗ. ಅವನನ್ನು ನಾನು ಒಂದು ದಿನವೂ ಬೇರೆ ಅಂತ ನೋಡಿಲ್ಲ. ಈಗ ಮಗಳ ಜೊತೆ ದಿನಾ ವೀಡಿಯೊ ಕರೆ ಇದೆ, ಮೊಮ್ಮಗಳ ಮುಖ ನೋಡುತ್ತೇನೆ. ಆದರೆ ಕರೆ ಮಾಡಿದರೆ ಮಾತಾಡಲೇಬೇಕು. ಸಿಟ್ಟು ಇಟ್ಟುಕೊಂಡೇ ಹೋಗಿ ಒಂದು ಹಿಡಿ ಕಾಳು ಹಾಕಿ ಬರುವ ಜಾಗ ಅದೊಂದೇ ಇತ್ತು.

ರಾತ್ರಿ ಡ್ಯೂಟಿ · 2 ಜನವರಿ 2021

ಟೀಚರ್, ನಿಮ್ಮದು ಓದಿ ವಾರ್ಡ್‌ನಲ್ಲಿ ಕೂತು ಅತ್ತೆ. ನಾನು ಕುಂದಾಪುರದವಳು, ಕುವೈತ್‌ನಲ್ಲಿ ನರ್ಸ್. ನಮ್ಮ ಹಾಸ್ಟೆಲ್‌ನಲ್ಲಿ ಕೇರಳದವರು, ಫಿಲಿಪ್ಪೀನ್ಸ್‌ನವರು ಎಲ್ಲ ಇದ್ದರು. ಒಬ್ಬರ ಭಾಷೆ ಒಬ್ಬರಿಗೆ ಬರ್ತಿರಲಿಲ್ಲ, ಆದ್ರೆ ಎಲ್ಲರೂ ಒಬ್ಬರಿಗೊಬ್ಬರು ನೇಬರ್. ಆಟದಲ್ಲಿ ಕುದುರೆ ಲಾಯ ಕಟ್ಟಲಿಕ್ಕೆ ಹಲಗೆ, ಇಟ್ಟಿಗೆ, ಮೊಳೆ, ಲಾಳ ಎಲ್ಲ ಒಬ್ಬೊಬ್ಬರ ಹತ್ರ ಕೇಳಿ ತಗೊಳ್ಬೇಕಿತ್ತಲ್ಲ? ಊಟದ ಹಾಲ್‌ನಲ್ಲಿ ಬೆರಳು ತೋರಿಸಿ ‘ನೇಲ್, ನೇಲ್’ ಅಂತ ಕೇಳ್ತಿದ್ವಿ. ನನ್ನ ಮೊದಲ ಗೆಳತಿ ಸಿಕ್ಕಿದ್ದು ಮೂರು ಮೊಳೆಯಿಂದ.

ಕಡ್ಲಿ ಹೊಲ · 3 ಜನವರಿ 2021

ನಾ ಒಂದು ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ನಾ ಗದಗ ಜಿಲ್ಲಾದಾಂವ. ಒಕ್ಕಲತನ ಮಾಡತೇನಿ. ಈಗ ಹೊಲದಾಗ ಕಡ್ಲಿ ಐತಿ.

ನಿಮ್ಮ ಆಟದಾಗ ಗೋಧಿ ಮೂರು ದಿನಕ್ಕ ಬರತಿತ್ತಂತ. ನಮಗ ನಾಕು ತಿಂಗಳ ಬೇಕು. ಮಳಿ ಹೆಚ್ಚಾದ್ರ ಹೋತು, ಕಡಿಮಿ ಆದ್ರ ಹೋತು, ಎರಡೂ ಸರಿ ಇದ್ರ ರೇಟು ಹೋತು. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ತುಂಬಿ ಬಂದಾಗ ನಮ್ಮ ಹೆಸರು ಬೆಳಿ ವಾರಗಟ್ಟಲೆ ನೀರಾಗ ನಿಂತಿತ್ತು. ಅದನ್ನ ಯಾರೂ ಬಂದು ಮಿನುಗಿಸಲಿಲ್ಲರಿ. ಈಗ ದಿಲ್ಲಿ ಗಡಿಯಾಗ ರೈತರು ಥಂಡ್ಯಾಗ ರಸ್ತಾದ ಮ್ಯಾಲೆ ಕುಂತಾರ. ಅಂಥಾದ್ರಾಗ ಪರದೆ ಮ್ಯಾಲಿನ ಬದನಿಕಾಯಿಗೆ ಇಷ್ಟು ದುಃಖ ಅಂದ್ರ ನನಗ ಸಂಕಟ ಆಗತೈತಿ.

ಟೀಚರ್ ಅವ್ರ ಮಾತು ಬ್ಯಾರೆ. ಅದು ತಾಯಿ ಮಗಳದು, ಅದಕ್ಕ ಕೈ ಮುಗಿತೇನಿ. ಉಳದವರಿಗೆ ಒಂದ ಪ್ರಶ್ನೆ. ಆ ನೇಬರ್ ಮಂದಿ ಈಗ ಎಲ್ಲಿ ಅದಾರ? ಅವರ ಫೋನ್ ನಂಬರ್ ಐತೇನು ನಿಮ್ಮ ಹತ್ರ? ಮುಯ್ಯಿ ಅಂದ್ರಿ. ಮುಯ್ಯಿ ಅಂದ್ರ ಮುಖ ಗೊತ್ತಿರಬೇಕಲ್ಲರಿ.

ಮುಯ್ಯಾಳು · 3 ಜನವರಿ 2021

ಅಣ್ಣಾ, ಸಿಟ್ಟು ಬರಲಿಲ್ಲ. ಮಧ್ಯಾಹ್ನದಿಂದ ಇದನ್ನೇ ಯೋಚಿಸುತ್ತಿದ್ದೇನೆ.

ಹೊಲದ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ನಮ್ಮಪ್ಪ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದ ವರ್ಷ ಹೊಲದ ಬದುವಿನ ಮೇಲೆ ತಲೆಗೆ ಕೈಕೊಟ್ಟು ಕೂತದ್ದನ್ನು ನೋಡಿ ಬೆಳೆದವಳು ನಾನು. ಆಟದಲ್ಲಿ ಅದಿರಲಿಲ್ಲ, ಬಾಡಿದರೆ ಉತ್ತು ಇನ್ನೊಂದು ಹಾಕಿದರಾಯಿತು. ಬಹುಶಃ ಅದಕ್ಕೇ ನನಗೆ ಅದು ಬೇಕಾಗಿತ್ತೇನೋ. ಭಯವಿಲ್ಲದ ಹೊಲವನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ನೇಬರ್ ವಿಷಯ. ನನಗೆ 34 ಜನ ಇದ್ದರು. ಫೋನ್ ನಂಬರ್ ಇರುವುದು ಮೂವರದ್ದು. ನೀವು ಕೇಳಿದ ಮೇಲೆ ಎಣಿಸಿದೆ.

ಪೊಚಿಂಕಿ · 4 ಜನವರಿ 2021

ನನಗೆ 19, ಫಾರ್ಮ್‌ವಿಲ್ ನಾನು ಆಡಿಲ್ಲ, ನಮ್ಮ ಅತ್ತೆ ಆಡ್ತಿದ್ರು. ಆದ್ರೂ ಈ ಎಳೆ ಪೂರ್ತಿ ಓದ್ದೆ, ಯಾಕಂದ್ರೆ ನಮಗೂ ಇದೇ ಆಗಿ ಎರಡು ತಿಂಗಳಾಯ್ತು. ಸೆಪ್ಟೆಂಬರ್ 2ಕ್ಕೆ ಸರ್ಕಾರ 118 ಆ್ಯಪ್ ಬ್ಯಾನ್ ಮಾಡಿದಾಗ ನಾವು ಆಡ್ತಿದ್ದ ಪಬ್‌ಜಿ ಮೊಬೈಲ್ ಗೇಮ್ ಕೂಡ ಹೋಯ್ತು. ಇನ್‌ಸ್ಟಾಲ್ ಆಗಿದ್ದವರಿಗೆ ಸ್ವಲ್ಪ ದಿನ ನಡೀತು, ಅಕ್ಟೋಬರ್ 30ಕ್ಕೆ ಸರ್ವರ್ ಪೂರ್ತಿ ಬಂದ್.

ನಮ್ಮ ಸ್ಕ್ವಾಡ್ ನಾಲ್ಕು ಜನ. ನಾನು ತುಮಕೂರು, ಒಬ್ಬ ರಾಯಚೂರು, ಒಬ್ಬ ಕೊಳ್ಳೇಗಾಲ, ಇನ್ನೊಬ್ಬ ನಮ್ಮನೆ ಹಿಂದಿನ ಬೀದಿ. ಲಾಕ್‌ಡೌನ್‌ನಲ್ಲಿ ದಿನಾ ರಾತ್ರಿ ಹತ್ತಕ್ಕೆ ಸೇರ್ತಿದ್ವಿ. ರಾಯಚೂರಿನವನ ತಂದೆಗೆ ಕೋವಿಡ್ ಬಂದು ಆಕ್ಸಿಜನ್ ಹಾಕಿದ್ದಾಗ ಅವನು ಆಟ ಆಡ್ತಿರಲಿಲ್ಲ, ಲಾಬಿಯಲ್ಲಿ (ಮ್ಯಾಚ್‌ಗೆ ಮುಂಚೆ ಎಲ್ಲರೂ ಸೇರೋ ಜಾಗ) ಸುಮ್ನೆ ಕೂತಿರ್ತಿದ್ದ, ನಾವೂ ಮ್ಯಾಚ್ ಶುರು ಮಾಡ್ತಿರಲಿಲ್ಲ. ಗಂಟೆಗಟ್ಟಲೆ ಮೈಕ್ ಆನ್ ಇಟ್ಟು ಕೂತಿರ್ತಿದ್ವಿ. ತಂದೆ ಉಳ್ಕೊಂಡ್ರು. ಈಗ ವಾಟ್ಸಾಪ್ ಗ್ರೂಪ್ ಇದೆ, ಆದ್ರೆ ಅಲ್ಲಿ ಏನಾದ್ರೂ ಬರೀಬೇಕು ಅಲ್ವಾ, ಸುಮ್ನೆ ಕೂರೋಕಾಗಲ್ಲ. ಟೀಚರ್ ಹೇಳಿದ್ದು ನನಗೆ ಚೆನ್ನಾಗಿ ಅರ್ಥ ಆಯ್ತು.

ಒಂದು ಡೌಟು, ಗೊತ್ತಿರೋರು ಹೇಳಿ. ಫಾರ್ಮ್‌ವಿಲ್‌ನ ಯಾರಾದ್ರೂ ಮತ್ತೆ ನಡೆಸೋಕೆ ಆಗಲ್ವಾ? ಹಳೇ ಗೇಮ್‌ಗಳನ್ನ ಈಗಿನ ಕಂಪ್ಯೂಟರ್‌ನಲ್ಲಿ ನಡೆಸೋ ಎಮ್ಯುಲೇಟರ್‌ನಲ್ಲಿ ಆಡ್ತಾರಲ್ಲ?

ಹುಲ್ಲಿನ ಪೆಂಡಿ · 4 ಜನವರಿ 2021

ನನ್ನ ಕಸುಬು ಇದೇ ಆದ್ದರಿಂದ ಸ್ವಲ್ಪ ಉದ್ದ ಹೇಳ್ತೇನೆ.

ಫಾರ್ಮ್‌ವಿಲ್ ನಡೀತಿದ್ದದ್ದು ಫ್ಲ್ಯಾಶ್‌ನಲ್ಲಿ, ಅಂದರೆ ಬ್ರೌಸರ್ ಒಳಗೆ ಆಟ, ವೀಡಿಯೊ ನಡೆಸುವ ಅಡೋಬಿ ಕಂಪನಿಯ ತಂತ್ರಾಂಶದಲ್ಲಿ. ಫ್ಲ್ಯಾಶ್ ಅನ್ನು 2020ರ ಕೊನೆಗೆ ನಿಲ್ಲಿಸ್ತೇವೆ ಅಂತ ಅಡೋಬಿ 2017ರ ಜುಲೈನಲ್ಲೇ ಹೇಳಿತ್ತು. ಅದರಲ್ಲಿ ಭದ್ರತೆಯ ತೂತುಗಳು ಒಂದರ ಹಿಂದೆ ಒಂದು ಸಿಗ್ತಿದ್ದವು, ಫೋನುಗಳಲ್ಲಿ ಅದು ನೆಲೆ ಊರಲೇ ಇಲ್ಲ, ಬ್ರೌಸರ್‌ಗಳು ಒಂದೊಂದಾಗಿ ಕೈಬಿಟ್ಟವು. ಫೇಸ್‌ಬುಕ್ ಕೂಡ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಆಟಗಳನ್ನು ನಿಲ್ಲಿಸಿತು. ಹಾಗಾಗಿ ಆ ದಿನ ಬಂತು. ನೀವು ಅಡೋಬಿಯ ಪ್ಲೇಯರ್ ಇನ್ನೂ ತೆಗೆಯದೆ ಇಟ್ಟುಕೊಂಡಿದ್ದರೂ ಜನವರಿ 12ರಿಂದ ಅದೂ ಫ್ಲ್ಯಾಶ್ ತೆರೆಯುವುದಿಲ್ಲ.

ಒಬ್ಬರೇ ಆಡುವ ಫ್ಲ್ಯಾಶ್ ಆಟಗಳಿಗೆ ದಾರಿ ಇದೆ. ಫ್ಲ್ಯಾಶ್‌ಪಾಯಿಂಟ್ ಅಂತ 2018ರಲ್ಲಿ ಶುರುವಾದ ಯೋಜನೆ ಇದೆ, ಉತ್ಸಾಹಿಗಳು ಸೇರಿ ಸಾವಿರಾರು ಆಟ ಉಳಿಸಿಟ್ಟಿದ್ದಾರೆ. ರಫಲ್ ಅಂತ ಫ್ಲ್ಯಾಶ್ ಇಲ್ಲದೆಯೇ ಆ ಫೈಲ್‌ಗಳನ್ನು ನಡೆಸುವ ತಂತ್ರಾಂಶವೂ ಬರ್ತಾ ಇದೆ. ಆದರೆ ಫಾರ್ಮ್‌ವಿಲ್‌ನಲ್ಲಿ ನಮ್ಮ ಕಂಪ್ಯೂಟರಿಗೆ ಬರ್ತಿದ್ದದ್ದು ಚಿತ್ರ ಮಾತ್ರ. ಯಾವ ಪಾತಿಯಲ್ಲಿ ಏನಿದೆ, ಬಿತ್ತಿದ್ದು ಎಷ್ಟು ಗಂಟೆಗೆ, ಯಾರು ಬಂದು ಗೊಬ್ಬರ ಹಾಕಿದರು, ಇದೆಲ್ಲ ಅವರ ಸರ್ವರ್‌ನಲ್ಲಿ, ಅಂದರೆ ಕಂಪನಿಯ ಕಡೆಯ ಕಂಪ್ಯೂಟರಿನಲ್ಲಿ. ನೆನಪಿದೆಯಾ, ನಮ್ಮ ನೆಟ್ ನಿಧಾನ ಇದ್ದಾಗ ‘ನಿಮ್ಮ ಹೊಲ ಸರ್ವರ್ ಜೊತೆ ಹೊಂದುತ್ತಿಲ್ಲ’ ಅಂತ ಬಂದು ಅರ್ಧ ಗಂಟೆಯ ಕೊಯ್ಲೆಲ್ಲ ಮಾಯ ಆಗ್ತಿತ್ತು? ನಿಜವಾದ ಹೊಲ ಇದ್ದದ್ದು ಅಲ್ಲಿ.

ಮತ್ತೆ ಗಾತ್ರ ನೋಡಿ. ಈ ಆಟವನ್ನು ಐದೇ ವಾರದಲ್ಲಿ ಕಟ್ಟಿದ್ದರು, ಮೊದಲೇ ಇದ್ದ ಮೈಮಿನಿಲೈಫ್ ಅನ್ನುವ ಇನ್ನೊಂದು ಆಟದ ಅಡಿಪಾಯದ ಮೇಲೆ. ಆಟ ಬಿಡುಗಡೆಯಾದ ನಾಲ್ಕೇ ದಿನದಲ್ಲಿ ದಿನಕ್ಕೆ 10 ಲಕ್ಷ ಜನ ಆಡ್ತಿದ್ದರು. ಅಮೆಜಾನ್‌ನಿಂದ ಬಾಡಿಗೆಗೆ ಪಡೆದ ಸರ್ವರ್ ಇಲ್ಲದಿದ್ದರೆ ಅದು ತಡೀತಿರಲಿಲ್ಲ. 2010ರ ಮಾರ್ಚ್‌ನಲ್ಲಿ ತಿಂಗಳಿಗೆ 8 ಕೋಟಿಗೂ ಹೆಚ್ಚು ಆಟಗಾರರು, ಅಂದರೆ ಕರ್ನಾಟಕದ ಜನಸಂಖ್ಯೆಗಿಂತ ಜಾಸ್ತಿ. ಅದೇ ವರ್ಷ ಜಿಂಗಾ ಅಮೆರಿಕದ ಹೊರಗಿನ ತನ್ನ ಮೊದಲ ಕಚೇರಿಯನ್ನು ಬೆಂಗಳೂರಿನಲ್ಲಿ ತೆರೆಯಿತು.

ಯಾರಾದರೂ ಕಷ್ಟಪಟ್ಟು ಹೊಸ ಸರ್ವರ್ ಬರೆದರೂ ಬರೆದಾರು. ಖಾಲಿ ಹೊಲ, ಅದೇ ತಂತಿವಾದ್ಯದ ರಾಗ, ಅದೇ ಕೋಳಿ ಸಿಗಬಹುದು. ಟೀಚರ್ ಅವರ ಮಗಳು ಆ ರಾತ್ರಿ ಹಾಕಿದ ಗೊಬ್ಬರ ಅದರಲ್ಲಿ ಇರುವುದಿಲ್ಲ.

ಬಾಡಿದ ಬೆಳೆ · 5 ಜನವರಿ 2021

ಎಲ್ಲರೂ ಒಳ್ಳೆಯದನ್ನೇ ನೆನೆಯುತ್ತಿದ್ದೀರಿ. ನನ್ನ ಅನುಭವ ಬೇರೆ, ಅದನ್ನೂ ಇಲ್ಲಿ ಇಡಬೇಕು ಅನ್ನಿಸಿತು.

ನಾನು ಈ ಆಟಕ್ಕೆ ಅಂಟಿಕೊಂಡಿದ್ದೆ. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು ಕೊಯ್ಲು ಮಾಡುತ್ತಿದ್ದೆ. ಬೆಳೆ ಬಾಡುತ್ತದೆ ಅನ್ನುವ ನಿಯಮ ಇದ್ದದ್ದೇ ನಾವು ಮತ್ತೆ ಮತ್ತೆ ಬರಲಿ ಅಂತ. ನೇಬರ್ ಇಲ್ಲದೆ ಹೊಲ ಬೆಳೆಯದ ಹಾಗೆ ಮಾಡಿದ್ದು ನಾವು ಇನ್ನೊಬ್ಬರನ್ನು ಎಳೆದು ತರಲಿ ಅಂತ. ‘ದಾರಿ ತಪ್ಪಿದ ಹಸು ನನ್ನ ಹೊಲಕ್ಕೆ ಬಂದಿದೆ, ಯಾರಾದರೂ ಸಾಕಿಕೊಳ್ಳಿ’ ಅನ್ನುವ ಪೋಸ್ಟ್‌ಗಳಿಂದ ಎಷ್ಟೋ ಜನ ರೋಸಿಹೋಗಿದ್ದರು. 2010ರಲ್ಲಿ ಟೈಮ್ ಪತ್ರಿಕೆ ಜಗತ್ತಿನ 50 ಅತಿ ಕೆಟ್ಟ ಆವಿಷ್ಕಾರಗಳ ಪಟ್ಟಿಗೆ ಫಾರ್ಮ್‌ವಿಲ್ ಹೆಸರು ಸೇರಿಸಿತ್ತು. ಇವತ್ತು ನಮ್ಮ ಫೋನಿನಲ್ಲಿ ‘ಬಾ, ಬಾ’ ಅಂತ ಕರೆಯುವ ಎಷ್ಟೋ ಆ್ಯಪ್‌ಗಳು ಆ ಪಾಠವನ್ನೇ ಓದಿಕೊಂಡಿವೆ.

ಆದರೆ ಅದೇ ವರ್ಷದ ಜನವರಿಯಲ್ಲಿ ಹೈತಿಯಲ್ಲಿ ಭೂಕಂಪವಾದಾಗ ಪರಿಹಾರಕ್ಕೆ ಅಂತ ಬಿಳಿ ಮೆಕ್ಕೆಜೋಳದ ಬೀಜ ಮಾರಿದರು. ಜಿಂಗಾ ಆಟಗಳನ್ನು ಆಡುವವರು ಸೇರಿ ಐದು ದಿನದಲ್ಲಿ 15 ಲಕ್ಷ ಡಾಲರ್ ಕೊಟ್ಟರು. ನಾನೂ ಬಿತ್ತಿದ್ದೆ. ಬಿಟ್ಟುಬಿಡಬೇಕು ಅಂದುಕೊಂಡ ಆಟ ನಿಂತಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಯಾಕೆ ಅಂತ ಹುಡುಕುತ್ತಲೇ ಇಲ್ಲಿಗೆ ಬಂದೆ.

ಮಾಡರೇಟರ್ · 5 ಜನವರಿ 2021

ಈ ಎಳೆಯನ್ನು ಮೇಲೆ ಅಂಟಿಸಿದ್ದೇವೆ. ‘ಹಳೆಯ ಫಾರ್ಮ್‌ವಿಲ್ ಖಾತೆ ಮರಳಿ ಕೊಡಿಸುತ್ತೇವೆ’ ಅಂತ ಬಂದ ಎರಡು ಪೋಸ್ಟ್ ತೆಗೆದುಹಾಕಿದ್ದೇವೆ. ಅಂಥವರಿಗೆ ಯಾರೂ ಪಾಸ್‌ವರ್ಡ್ ಕೊಡಬೇಡಿ.

ಮುಯ್ಯಾಳು · 9 ಜನವರಿ 2021

ಕಡ್ಲಿ ಹೊಲದ ಅಣ್ಣ ಕೇಳಿದ ಪ್ರಶ್ನೆ ಬಿಡಲಿಲ್ಲ. ಐದು ದಿನ ಕೂತು 34 ಜನರಲ್ಲಿ 21 ಮಂದಿಗೆ ಸಂದೇಶ ಕಳಿಸಿದೆ. ಒಂಬತ್ತು ಜನ ಉತ್ತರ ಕೊಟ್ಟರು. ಒಬ್ಬರು ‘ಹೌದಾ, ನಾನು ಅದನ್ನ ಆಡ್ತಿದ್ನಾ?’ ಅಂತ ಕೇಳಿದರು, ನೆನಪೇ ಇಲ್ಲ. ಸ್ವಲ್ಪ ನೋವಾಯಿತು. ಒಬ್ಬರ ಖಾತೆಯ ಗೋಡೆಯ ತುಂಬ ಮೂರು ವರ್ಷದ ಹಿಂದಿನ ಶ್ರದ್ಧಾಂಜಲಿ. 2018ರಲ್ಲೂ ನಾನು ಆ ಹೊಲಕ್ಕೆ ಹೋಗಿ ಬರುತ್ತಿದ್ದೆ. ಕೋಳಿಗಳು ಇದ್ದವು, ಕಾಳು ಹಾಕುತ್ತಿದ್ದೆ. ನನಗೆ ಗೊತ್ತಾಗಲೇ ಇಲ್ಲ.

ನನ್ನನ್ನು ಕರೆದುಕೊಂಡು ಹೋದ ಆ ಹುಡುಗಿ ಸಿಕ್ಕಿದಳು. ಈಗ ಅರಸೀಕೆರೆಯಲ್ಲಿದ್ದಾಳೆ, ನಮ್ಮೂರಿಂದ ಒಂದು ಬಸ್ಸು. ಹತ್ತು ವರ್ಷದಲ್ಲಿ ನಾವು ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇವೋ. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರಲು ಹೋಗುತ್ತೇನೆ.

ಅಣ್ಣಾ, ಮುಖ ಗೊತ್ತಿರಬೇಕು ಅಂದದ್ದು ಸರಿ.

ಕಡ್ಲಿ ಹೊಲ · 9 ಜನವರಿ 2021

ತಂಗೀ, ಓದಿ ಭಾಳ ಸಮಾಧಾನ ಆತು. ಆ ತೀರಿಕೊಂಡವರ ಹೊಲಕ್ಕ ನೀವು ಗೊತ್ತಿಲ್ಲದ ಹೋಗಿ ಕಾಳ ಹಾಕಿ ಬಂದ್ರಲ್ಲ, ಅದು ಮುಯ್ಯಿಕಿಂತ ದೊಡ್ಡದು. ತಿರುಗಿ ಬರೂದಿಲ್ಲ ಅದು.

ಇನ್ನೊಂದು ಕೇಳತೇನಿ, ಒಕ್ಕಲಿಗನ ಕುತೂಹಲ. ಕಡೀ ದಿನ ನೀವೆಲ್ಲ ಏನ ಬಿತ್ತಿದ್ರಿ?

ಗುಲಾಬಿ ಹಸು · 9 ಜನವರಿ 2021

ಕುಂಬಳ. ಇನ್ನೇನು ಬಿತ್ತಲಿ? ಮಗಳು ಅಲ್ಲಿ ತನ್ನ ಕೆಲಸದ ನಡುವೆ ಬಂದು ಎಲ್ಲಕ್ಕೂ ಗೊಬ್ಬರ ಹಾಕಿದ್ದಳು.

ರಾತ್ರಿ ಡ್ಯೂಟಿ · 10 ಜನವರಿ 2021

ಕಲ್ಲಂಗಡಿ. ನಾಲ್ಕು ದಿನದ ಬೆಳೆ, 30ಕ್ಕೆ ಹಾಕಿದೆ. ಕೊಯ್ಯಲಿಕ್ಕೆ ಸಿಗುವುದಿಲ್ಲ ಅಂತ ಗೊತ್ತಿತ್ತು. ಅದು ಬೆಳೀತಾ ಇರುವಾಗಲೇ ಬಿಟ್ಟು ಬರಬೇಕು ಅನ್ನಿಸಿತು.

ಹುಲ್ಲಿನ ಪೆಂಡಿ · 10 ಜನವರಿ 2021

ನಾವು ಏನೂ ಬಿತ್ತಲಿಲ್ಲ. ಗೊಂಬೆಯ ಸುತ್ತ ಇದ್ದ ಪೆಂಡಿಗಳನ್ನು ತೆಗೆದೆವು. ಹತ್ತು ವರ್ಷದಿಂದ ಅದು ಅಲ್ಲೇ ನಿಂತಿತ್ತು ಪಾಪ.

ಪೊಚಿಂಕಿ · 8 ಜುಲೈ 2021

ಹಳೇ ಎಳೆ ಎಬ್ಬಿಸ್ತಿದ್ದೀನಿ, ಕ್ಷಮಿಸಿ. ಹೇಳ್ಲೇಬೇಕಿತ್ತು. ಜುಲೈ 2ಕ್ಕೆ ಬಿಜಿಎಂಐ, ಅಂದ್ರೆ ಪಬ್‌ಜಿಯ ಭಾರತದ ಆವೃತ್ತಿ, ಬಂತು. ಹಳೇ ಖಾತೆಯ ಡೇಟಾ ತಗೊಂಡು ಹೋಗೋಕೆ ಬಿಟ್ರು, ಹೆಸರು, ಫ್ರೆಂಡ್ಸ್ ಲಿಸ್ಟ್ ಎಲ್ಲ ಬಂತು. ರಾತ್ರಿ ಹತ್ತಕ್ಕೆ ನಾಲ್ಕೂ ಜನ ಲಾಬಿಯಲ್ಲಿ ನಿಂತ್ವಿ. ರಾಯಚೂರಿನವನು ಮೈಕ್ ಆನ್ ಮಾಡಿ ‘ಅಪ್ಪ ಪಕ್ಕದಲ್ಲೇ ಕುಂತಾರ’ ಅಂದ. ಅವತ್ತು ಆಡಿದ್ದು ಒಂದೇ ಮ್ಯಾಚ್. ನಿಮ್ಮೆಲ್ಲರಿಗೂ ಹೀಗೆ ಆಗಬೇಕಿತ್ತು ಅನ್ನಿಸ್ತು.

ಬಾಡಿದ ಬೆಳೆ · 6 ಜುಲೈ 2025

ಈ ಎಳೆ ನನ್ನ ಬುಕ್‌ಮಾರ್ಕ್‌ನಲ್ಲಿ ಇನ್ನೂ ಇದೆ. ಎರಡು ಸುದ್ದಿ ಇಲ್ಲಿ ಇಡುತ್ತೇನೆ.

2012ರಲ್ಲಿ ಮುಚ್ಚಿದ ಸಿಟಿ ಆಫ್ ಹೀರೋಸ್ ಆಟವನ್ನು ಅಭಿಮಾನಿಗಳೇ ತಮ್ಮ ಸರ್ವರ್‌ನಲ್ಲಿ ನಡೆಸುತ್ತಿದ್ದರು. 2024ರ ಜನವರಿಯಲ್ಲಿ ಆಟದ ಒಡೆತನದ ಕಂಪನಿಯೇ ಅವರಿಗೆ ಅಧಿಕೃತ ಪರವಾನಗಿ ಕೊಟ್ಟಿತು. ಆಟ ಮುಚ್ಚಿ ಹನ್ನೊಂದು ವರ್ಷ ಆದ ಮೇಲೆ ಸಿಕ್ಕಿದ್ದು. ಎರಡನೆಯದು, ದಿ ಕ್ರೂ ಅನ್ನುವ ಕಾರಿನ ಆಟದ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಾಗ, ದುಡ್ಡು ಕೊಟ್ಟು ಕೊಂಡವರಿಗೂ ಆಡಲು ಏನೂ ಉಳಿಯಲಿಲ್ಲ. ಆಗ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಒಂದು ಚಳವಳಿ ಶುರುವಾಯಿತು. ಮಾರಿದ ಆಟವನ್ನು ನಿಲ್ಲಿಸುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅನ್ನುವುದು ಅವರ ಬೇಡಿಕೆ. ಯುರೋಪಿನ ಒಕ್ಕೂಟಕ್ಕೆ ಕೊಡುವ ಅವರ ಮನವಿಗೆ ಈ ವಾರ 10 ಲಕ್ಷ ಸಹಿ ದಾಟಿದೆ.

ಸಹಿ ಹಾಕಲು ನಮಗೆ ಅವಕಾಶವಿಲ್ಲ, ಅದು ಅಲ್ಲಿನ ನಾಗರಿಕರಿಗೆ. ಇಂಥ ಒಂದು ಕೇಳಿಕೆ ನಮ್ಮ ದೇಶದಲ್ಲೂ ಹುಟ್ಟಲಿ ಅಂತ ಮನಸ್ಸಾರೆ ಬಯಸುತ್ತೇನೆ.

ಅರಳಿದ ದಾಸವಾಳ · 19 ಜುಲೈ 2025

ಬಾಡಿದ ಬೆಳೆಯವರ ಪೋಸ್ಟ್‌ನಿಂದ ಈ ಎಳೆ ಕಣ್ಣಿಗೆ ಬಿತ್ತು. ಹುಲ್ಲಿನ ಪೆಂಡಿಯವರು ಇನ್ನೂ ಇಲ್ಲಿ ಬರುತ್ತಾರಾ?

ಆ ಗಂಡಭೇರುಂಡ ನನ್ನದಲ್ಲ. ಆದರೆ ನಾನೂ ಅವರ ನೇಬರ್ ಆಗಿದ್ದೆ. ಹಳೆಯ ಪೆನ್‌ಡ್ರೈವ್‌ನಲ್ಲಿ ಒಂದು ಚಿತ್ರ ಸಿಕ್ಕಿತು, ಕೆಳಗೆ ಹಾಕಿದ್ದೇನೆ. ಮಸುಕಾಗಿದೆ, ಎಡಗಡೆಯ ತಲೆ ಅರ್ಧ ಕತ್ತರಿಸಿದೆ. ನೀವು ಒಂದು ಪಾತಿ ಬೆಳೆಯೂ ಇರಲಿಲ್ಲ ಅಂದಿರಿ. ಸ್ವಲ್ಪ ದೊಡ್ಡದು ಮಾಡಿ ನೋಡಿ, ಎರಡು ತಲೆಗಳ ನಡುವೆ ಒಂದೇ ಒಂದು ಪಾತಿ ಬದನೆ ಇದೆ. ಅದು ಮಿನುಗುತ್ತಿದೆ.

ಹುಲ್ಲಿನ ಪೆಂಡಿ · 19 ಜುಲೈ 2025

ಬರ್ತೇನೆ. ನೋಡಿದೆ. ಹೆಂಡತಿಯನ್ನು ಕರೆದು ತೋರಿಸಿದೆ. ಆ ಗೊಬ್ಬರ ಹಾಕಿದ್ದು ನಾವೋ ನೀವೋ?